ನಾನೂರನೇ ದಿನದ ಕೇಕು

ಗ್ರಿಮ್ಸ್‌ಬಿ ಬಂದರಿನ ಬೆನ್ನಿಗೆ ನಮ್ಮ ಶೈತ್ಯಾಗಾರ.
ಕೆಳಗೆ, ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಇಳಿದ ಕತ್ತಲಲ್ಲಿ
ಐಸ್‌ಲ್ಯಾಂಡಿನ ಮೀನುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಮಲಗಿವೆ.
ಮೇಲೆ, ಮೂರನೇ ಮಹಡಿಯ ಹೀಟರಿನ ಪಕ್ಕ ಕೂತು
ಅಪಾಯಗಳನ್ನು ಎಣಿಸುವುದು ನನ್ನ ಕೆಲಸ.
ಮಂದಾಕಿನಿ ಉದ್ದವಾಯಿತೆಂದು ಇಲ್ಲಿ ನಾನು ಮ್ಯಾಂಡಿ.

ನಗಬೇಡಿ, ಇದಕ್ಕೂ ಸಂಬಳವಿದೆ.
ಒಂದು ಹಾಳೆ. ನಲವತ್ತಮೂರು ಸಾಲು.
ಸಾಲಿಗೆ ಎರಡು ಅಂಕ:
ಆಗುವ ಸಂಭವ ಎಷ್ಟು, ಆದರೆ ನಷ್ಟ ಎಷ್ಟು.
ಗುಣಿಸಿದರೆ ಬಣ್ಣ ಬರುತ್ತದೆ.
ಹಸಿರಾದರೆ ಮರೆಯಬಹುದು,
ಹಳದಿಯಾದರೆ ಮುಂದಿನ ಮೂರು ತಿಂಗಳಿಗೆ ನೋಡೋಣ,
ಕೆಂಪಾದರೆ ಲಂಡನ್ನಿನಿಂದ ಫೋನು.
ಅರಿಶಿನ ಕುಂಕುಮದ ಬಟ್ಟಲು ನೋಡಿ ಬೆಳೆದವಳು ನಾನು;
ಈ ಎರಡು ಬಣ್ಣಕ್ಕೆ ಹೆದರುವುದನ್ನು ಕಲಿಯಲು
ಒಂದು ವರ್ಷ ಹಿಡಿಯಿತು.

ಹದಿನೇಳನೇ ಸಾಲು: ಎರಡನೇ ಯಂತ್ರಕೋಣೆಯ ವಾಲ್ವು.
ರಾತ್ರಿಪಾಳಿಯ ಕಾಲಿನ್ ಬ್ಲಾಂಚರ್ಡ್ ಮೂರು ಸಲ ಬರೆದಿದ್ದ:
"ಅಮೋನಿಯಾ ವಾಸನೆ. ನನ್ನ ಮೂಗು ಸುಳ್ಳು ಹೇಳಲ್ಲ."
ನಾಲ್ಕು ಹಾಕಿದೆ, ಐದು ಹಾಕಿದೆ, ಇಪ್ಪತ್ತು. ಕೆಂಪು.
ಸಭೆಯಲ್ಲಿ ಮಿಸ್ಟರ್ ಟೆನಿಸ್‌ವುಡ್ ಬೈಯಲಿಲ್ಲ,
ಮೇಜು ಗುದ್ದಲಿಲ್ಲ. ಒಳ್ಳೆಯ ಮನುಷ್ಯ,
ನನ್ನ ಮಗಳ ಪಿಯಾನೋ ಪರೀಕ್ಷೆ ನೆನಪಿಟ್ಟು ಕೇಳುವವರು.
ಕನ್ನಡಕ ತೆಗೆದು ಒರೆಸಿ
ಒಮ್ಮೆ ಕೆಮ್ಮಿದರು.
"ನಾಲ್ಕೇ?" ಅಂದರು.

ಗೋಡೆಯ ಮೇಲೆ ನಮ್ಮ ಸಂಸ್ಥೆಯ ಐದು ಮೌಲ್ಯಗಳನ್ನು
ಚೌಕಟ್ಟು ಕಟ್ಟಿಸಿ, ದೀಪ ಬಿಟ್ಟು, ತೂಗುಹಾಕಿದ್ದಾರೆ.
ಯಾರೂ ಓದುವುದಿಲ್ಲ.
ಎಲ್ಲರಿಗೂ ಬಾಯಿಪಾಠವಾಗಿರುವುದು ಆ ಕೆಮ್ಮು.
ಯಾವ ಮಾತಿಗೆ ಅದು ಬರುತ್ತದೆ,
ಯಾವ ಮಾತಿಗೆ ಬಿಸ್ಕತ್ತಿನ ಡಬ್ಬಿ ಈ ಕಡೆ ಸರಿಯುತ್ತದೆ,
ಹೊಸಬರು ಎರಡು ವಾರದಲ್ಲಿ ಕಲಿತುಬಿಡುತ್ತಾರೆ.

ನಾಲ್ಕು ಮೂರಾಯಿತು. ಮುಂದಿನ ಸಲ ಎರಡು.
ವಾಲ್ವು ಮಾತ್ರ ಅದೇ ವಾಲ್ವು.
ಹಾಳೆಯಲ್ಲಿ ಅದಕ್ಕೆ ಅರಿಶಿನ ಹಚ್ಚಿದವಳು ನಾನೇ.
ಉಪಾಯ ಬಲ್ಲವನಿಗೆ ಅಪಾಯವಿಲ್ಲ ಎಂದು
ಹುಬ್ಬಳ್ಳಿಯ ಶಾಲೆಯಲ್ಲಿ ಗಾದೆ ವಿಸ್ತರಿಸಿ ಮಾರ್ಕು ತಗೊಂಡಿದ್ದೆ.
ಉಪಾಯ ಅಂದರೆ ಇದೂ ಹೌದು ಅಂತ
ಮೇಷ್ಟ್ರು ಹೇಳಿರಲಿಲ್ಲ.

ಗೇಟಿನ ಬಳಿ ಒಂದು ಹಲಗೆ: ಅಪಘಾತವಿಲ್ಲದ ದಿನಗಳು.
ಮೊಳೆಗೆ ನೇತುಹಾಕುವ ತಗಡಿನ ಅಂಕಿಗಳು.
ಈ ಶುಕ್ರವಾರ, ನಾನೂರು.
ಪೌಲೀನ್ ನಿಂಬೆಹಣ್ಣಿನ ಕೇಕು ಮಾಡಿ ತಂದಿದ್ದಳು,
ಲಾರಿ ಡ್ರೈವರುಗಳಿಗೂ ಒಂದೊಂದು ತುಂಡು.
ಪ್ಯಾಕಿಂಗಿನ ಹುಡುಗ ರೀಸ್ ಮಂಬಿ, ಹತ್ತೊಂಬತ್ತು ವರ್ಷ,
ಎಡಗೈಯಲ್ಲಿ ತಿನ್ನುತ್ತಿದ್ದ.
ಬಲಗೈ ಜೇಬಿನಲ್ಲಿತ್ತು.
ಅವನು ಎಡಚನಲ್ಲ.

ಮೆಟ್ಟಿಲ ಕೆಳಗೆ ನಿಲ್ಲಿಸಿ, ತೋರಿಸು ಅಂದೆ.
ಪೆಟ್ಟಿಗೆಗೆ ಅಂಟಿಸುವ ಟೇಪು, ಬೆರಳಿಗೆ ಮೂರು ಸುತ್ತು,
ಅದರ ಮೇಲೆ ಅಚ್ಚಾದ ಅಕ್ಷರ: ಕರಗಲು ಬಿಡಬೇಡಿ.
ಅಂಚಿನಿಂದ ತೊಟ್ಟು ತೊಟ್ಟು.
"ಬರೀಬೇಡಿ ಮ್ಯಾಂಡಿ,
ಎಲ್ಲರ ಕೇಕೂ ಹಾಳಾಗತ್ತೆ."

ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ.
ಅವನನ್ನು ಅವನ ತಾಯಿಯ ಕಾರಿಗೆ ಹತ್ತಿಸಿ
ಗೇಟಿಗೆ ವಾಪಸು ಬಂದಾಗ ಏಳು ಗಂಟೆ.
ಗಾಳಿಯಲ್ಲಿ ಉಪ್ಪು, ಡೀಸೆಲ್ಲು,
ಮತ್ತೆ ಇನ್ನೇನೋ ಒಂದು.
ಕಾಲಿನ್ನನ ಮೂಗು ನನಗಿಲ್ಲ.

ನಾಲ್ಕನ್ನು ಮೊಳೆಯಿಂದ ಇಳಿಸಿದೆ.
ಎರಡು ಸೊನ್ನೆ ಅಲ್ಲೇ ಇದ್ದವು; ಬೇಕಿದ್ದದ್ದು ಇನ್ನೊಂದೇ.
ಕಾವಲುಗಾರನ ಕೋಣೆಯ ಡಬ್ಬಿಯಲ್ಲಿ ತಡಕಿದೆ.
ಒಂಬತ್ತುಗಳ ಬಣ್ಣ ಬೆರಳು ತಾಗಿ ತಾಗಿ ಸವೆದಿತ್ತು.
ತಳದಲ್ಲಿ ಮೂರನೆಯ ಸೊನ್ನೆ,
ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ, ಹೊಚ್ಚ ಹೊಸದು.

ಹಲ್ಲಿನಿಂದ ಅದನ್ನು ಹರಿಯುತ್ತಿದ್ದಾಗ
ಹಿಂದೆ ಯಾರೋ ಕೆಮ್ಮಿದರು.
ಚಳಿಯಿತ್ತು. ಬರೀ ಕೆಮ್ಮೂ ಇರಬಹುದು.