ಅಂಗೈ ಅಗಲ

ಬೆಳಗ್ಗೆ ಆರಕ್ಕೇ ಬಂದು ಅಳೆದೆ,
ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ,
ನಲವತ್ತು ಗಜ.
ಉತ್ತರ ಲೂಯಿಸಿಯಾನದ ಮಾರ್ಚ್ ತಿಂಗಳು. ಪೈನ್ ಮರದ ಹಳದಿ ಪರಾಗ
ಬೆಂಚಿನ ಮೇಲೆ, ನನ್ನ ಟ್ರಕ್ಕಿನ ಗಾಜಿನ ಮೇಲೆ,
ಕೆಮ್ಮಿದರೆ ಗಂಟಲಲ್ಲೂ.

ಇಪ್ಪತ್ತಾರು ವರ್ಷದಿಂದ ಈ ಕಾಲೇಜಿನ ಮೈದಾನಕ್ಕೆ
ಗೆರೆ ಹಾಕುವವಳು ನಾನು, ವರ್ಲೀನ್ ಗಿಲ್ಲರಿ.
ಗೆರೆ ನೇರವಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ;
ಸೊಟ್ಟಗಾದರೆ ಊರಿಗೆ ಊರೇ ಬೆರಳು ತೋರಿಸುತ್ತದೆ.

ಟೇಪಿನ ಆ ತುದಿ ಹಿಡಿದವನು ಕೆಡ್ರಿಕ್ ಪ್ರುಡೋಮ್.
ಹತ್ತಕ್ಕೆ ಓಡಬೇಕಾದವನೂ ಅವನೇ.
ನಿದ್ದೆ ಬರಲಿಲ್ಲ ಮಿಸ್ ವರ್ಲೀನ್, ಅಂದ.
ಮೂರು ವರ್ಷ ನನ್ನ ಜೊತೆ ಗ್ಯಾಲರಿ ಗುಡಿಸಿದ ಹುಡುಗ,
ಕಡಲೆಕಾಯಿ ಸಿಪ್ಪೆ, ಸೋಡಾ ಕಪ್ಪು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು;
ಗಂಟೆಗೆ ಒಂಬತ್ತು ಡಾಲರು.

ಯಾರೂ ಹೇಳಿಕೊಡದೆ ನಾನು ಕಲಿತ ಲೆಕ್ಕ ಒಂದಿದೆ:
ಹುಡುಗ ಪೂರ್ತಿ ವೇಗದಲ್ಲಿದ್ದಾಗ
ಒಂದು ಅಂಗೈ ಅಗಲದ ನೆಲಕ್ಕೆ
ಸೆಕೆಂಡಿನ ನೂರರಲ್ಲಿ ಒಂದು ಪಾಲು.
ಅಷ್ಟೇ. ಬೆವರು ಒರೆಸಿಕೊಳ್ಳುವ ಜಾಗ.

ಆ ತುದಿಯಲ್ಲಿ ಅವನು ಕೊಕ್ಕೆ ಸಿಕ್ಕಿಸಲು ಬಾಗಿದಾಗ
ಬೇಕೆಂದೇ ಮುಖ ತಿರುಗಿಸಿದೆ,
ನೀರಿನ ಟ್ಯಾಂಕಿನ ಮೇಲೆ ಕೂತ ಹದ್ದನ್ನು ನೋಡುತ್ತ ನಿಂತೆ,
ನೋಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ದೇವರೇ, ನಾನು ಚರ್ಚಿನಲ್ಲಿ ಕಾಣಿಕೆ ಎಣಿಸುವ ಹೆಂಗಸು.
ಸೊನ್ನೆ ಮೇಲಿದೆ! ಎಂದು ಕೂಗಿದ.
ನಾನು ಮೊಳೆ ಹೊಡೆದೆ.

ಹತ್ತಕ್ಕೆ ಬಂದರು ಐದು ಜನ,
ಐದು ಟೋಪಿ, ಐದು ಸ್ಟಾಪ್‌ವಾಚು.
ಒಬ್ಬ ಬೂಟುಗಾಲಲ್ಲಿ ಹೆಜ್ಜೆ ಹಾಕಿ ದೂರ ಅಳೆದು
ಸರಿ ಎಂಬಂತೆ ಉಗುಳಿದ.
ದಪ್ಪ ಹುಡುಗರು ಮೊದಲು ಓಡಿದರು, ನೆಲ ಗುದ್ದುತ್ತ,
ಹಿಂದೆ ಅವರ ಅಮ್ಮಂದಿರ ಚಪ್ಪಾಳೆ.

ಆಮೇಲೆ ಕೆಡ್ರಿಕ್.
ಮೂರು ಬೆರಳು ನೆಲಕ್ಕೆ, ಸೊಂಟ ಮೇಲಕ್ಕೆ,
ಎಡಗೈ ಹಿಂದೆ, ಯಾರೋ ಕೊಡುವ ಏನನ್ನೋ ಈಸಿಕೊಳ್ಳುವಂತೆ.
ಇಲ್ಲಿ ಯಾರೂ ಪಿಸ್ತೂಲು ಹಾರಿಸುವುದಿಲ್ಲ,
ಅವನಿಗೆ ಮನಸ್ಸಾದಾಗ ಓಟ ಶುರು.
ಕದಲಿದ್ದನ್ನು ಕಣ್ಣು ಕಾಣಬೇಕು, ಕಣ್ಣು ಹೆಬ್ಬೆರಳಿಗೆ ಹೇಳಬೇಕು,
ಅಷ್ಟರಲ್ಲಿ ಒಂದಿಷ್ಟು ದೂರ
ಯಾವ ಗಡಿಯಾರದಲ್ಲೂ ಇಲ್ಲದೆ ಓಡಿರುತ್ತಾನೆ ಹುಡುಗ.
ಆ ಒಂದಿಷ್ಟರಲ್ಲಿ ಅವನು
ಯಾರ ಲೆಕ್ಕಕ್ಕೂ ಸೇರಿದವನಲ್ಲ.

ನಾನು ಉಸಿರು ಬಿಡುವಾಗ ಮುಗಿದಿತ್ತು.
ನಾಲ್ಕು ಪಾಯಿಂಟ್ ನಲವತ್ತೊಂಬತ್ತು ಎಂದ ಒಬ್ಬ.
ಐವತ್ತೊಂದು. ಐವತ್ತೊಂದು. ಐವತ್ತಮೂರು.
ಐದನೆಯವನ ಹೆಬ್ಬೆರಳು ತೂಕಡಿಸುತ್ತಿತ್ತೇನೋ, ಐವತ್ತೆಂಟು.
ಒಂದೇ ಮೈ, ಒಂದೇ ಓಟ.
ಅವರಲ್ಲಿ ಹಿರಿಯ, ಐವತ್ತರ ಒಳಗೆ ಬಂದಿದ್ದರೆ, ಎಂದು
ಮಾತು ಮುಗಿಸದೆ ಪೆನ್ನಿಗೆ ಮುಚ್ಚಳ ಹಾಕಿದ.
ಕೆಡ್ರಿಕ್‌ನ ಅಜ್ಜಿ ನನ್ನ ತೋಳು ಹಿಡಿದು ಕೇಳಿದಳು:
ಒಳ್ಳೇದೋ, ಕೆಟ್ಟದ್ದೋ?
ಇನ್ನೂ ಗೊತ್ತಿಲ್ಲ ಎಂದೆ.

ಸಂಜೆ, ಬಾಡಿಗೆ ಕಾರುಗಳೆಲ್ಲ ಹೋದ ಮೇಲೆ,
ಟೇಪಿನ ತುದಿಗೆ ಕಲ್ಲು ಹೇರಿ ಒಬ್ಬಳೇ ಮತ್ತೆ ಅಳೆದೆ.
ಎರಡು ಸಲ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ.
ನಲವತ್ತು ಗಜ,
ಮೇಲೊಂದು ಅಂಗೈ.
ಕಡಿಮೆಯಲ್ಲ. ಹೆಚ್ಚು.

ಕೊಕ್ಕೆ ಹಿಡಿದ ಕೈ ಅವನದು, ಮೊಳೆ ಹೊಡೆದ ಕೈ ನನ್ನದು.
ಕದ್ದೇನೆಂಬ ಹೆದರಿಕೆಗೆ
ಇಬ್ಬರಲ್ಲಿ ಯಾರೋ ಒಬ್ಬರು
ಬೇಡದ ದಿಕ್ಕಿಗೆ ವಾಲಿದ್ದೇವೆ.

ಫೋನು ಮಾಡಲೇ? ಯಾರಿಗೆ?
ಐದು ಟೋಪಿಗಳೂ ಇಷ್ಟೊತ್ತಿಗೆ ಮನ್ರೋ ದಾಟಿರುತ್ತವೆ.
ಟೇಪು ಸುತ್ತಿದೆ. ಅದರ ಅಂಚು ಎಂದಿನಂತೆ
ಬೆರಳನ್ನು ತೆಳ್ಳಗೆ ಕುಯ್ದಿತು.
ಗ್ಯಾಲರಿಯ ಮೇಲಿನ ಸಾಲಿನಲ್ಲಿ ಪೊರಕೆಯ ಸದ್ದು.
ಇವತ್ತು ಅವನಿಗೆ ರಜೆ ಕೊಟ್ಟಿದ್ದೆ ನಾನು.