ಬಾಯಿ ತುಂಬ

ಉಡುಗೊರೆ ಅಂದರೆ ಕೈಯಿಂದ ಕೈಗೆ ಬರಬೇಕಲ್ಲ, ಶಾಕ್ರೋ,
ಕಾಗದ ಸುತ್ತಿಕೊಂಡು, ದಾರ ಕಟ್ಟಿಸಿಕೊಂಡು.
ನೀವು ಕೊಟ್ಟದ್ದು ನಿಮ್ಮ ಅಂಗಳದಲ್ಲೇ
ಕುತ್ತಿಗೆಮಟ್ಟ ಹೂತುಕೊಂಡು ಕೂತಿದೆ,
ನಿಮ್ಮಜ್ಜ ಹುಟ್ಟುವ ಮೊದಲಿನಿಂದ.
ಸಾವಿರ ಲೀಟರಿನ ಮಣ್ಣಿನ ಗುಡಾಣ.
ಅಲುಗಿಸಿದರೆ ಒಡೆಯುತ್ತದೆ,
ಅಲುಗಿಸದಿದ್ದರೆ ನನ್ನದಾಗುವುದು ಹೇಗೆ?

ನೀವು ಮಾತಾಡಲಿಲ್ಲ. ಹಾರೆ ತಂದಿರಿ.
ಎರಡು ಮನೆಗಳ ನಡುವಿನ ಗೋಡೆಯಿಂದ
ಒಂದೊಂದೇ ಕಲ್ಲು ಕಿತ್ತು,
ಒಂದು ಹೆಂಗಸು, ಒಂದು ಬುಟ್ಟಿ ದ್ರಾಕ್ಷಿ
ಜೊತೆಯಾಗಿ ದಾಟುವಷ್ಟು ಸಂದು ಮಾಡಿ
"ಬಾಗಿಲು ಇಡಬೇಡ, ಕೀಲಿಗೆಲ್ಲ ಎಣ್ಣೆ ಹಾಕುವವರು ಯಾರು"
ಅಂದಿರಿ.

ಹೋದ ಚಳಿಗಾಲ ನನ್ನ ಗುಡಾಣ ಸೀಳಿತ್ತು.
ಒಂದಿಷ್ಟೂ ಸದ್ದಿಲ್ಲದೆ
ಇಡೀ ಸುಗ್ಗಿಯನ್ನು ನೆಲ ಕುಡಿಯಿತು.
ನಾನು ಅಂಚೆಕಚೇರಿಯಲ್ಲಿ
ಊರವರ ಕಾಗದಗಳಿಗೆ ಮುದ್ರೆ ಒತ್ತುತ್ತಲೇ ಇದ್ದೆ.
ತೆಲಾವಿಯ ಕಾರ್ಖಾನೆಯವನು ಬಂದ ಈ ಬೇಸಿಗೆ,
ಮುಖ ನೋಡದೆ ತಕ್ಕಡಿ ನೋಡಿ ಬೆಲೆ ಹೇಳಿದ.
ಆಗಲಿ ಅಂದೆ, ಇನ್ನೇನು ಮಾಡಲಿ.
ನೀವು ವಾಲ್‌ನಟ್ ಮರದ ಕೆಳಗೆ
ಬೂಟಿನ ಮಣ್ಣು ಕೆರೆಯುತ್ತಿದ್ದಿರಿ.
ಕಿವಿ ಮಂದ ಅನ್ನುವವರಿಗೆ
ಕೇಳಬೇಕಾದ್ದು ಮಾತ್ರ ಹೇಗೋ ಕೇಳಿಸುತ್ತದೆ.

ಹೋಟೆಲಿನವನೊಬ್ಬ ಅದಕ್ಕೆ ಹಸುವಿನ ಬೆಲೆ ಕೊಡುತ್ತಿದ್ದನಂತೆ,
ಅಗೆದು ತೆಗೆದು, ಹುಲ್ಲಿನ ಮೇಲೆ ಅಡ್ಡ ಕೆಡವಿ, ಹೂ ನೆಡಲಿಕ್ಕೆ.
ರುಸ್ತಾವಿಯಿಂದ ನಿಮ್ಮ ಸೋದರಳಿಯ ಫೋನಿನಲ್ಲಿ ರೇಗಿದನಂತೆ.
"ನಿಂತದ್ದನ್ನು ಮಲಗಿಸಬಾರದು" ಅಂದಿರಂತೆ ನೀವು.
ಇದೆಲ್ಲ ನನಗೆ ಬೇಕರಿಯ ಸಾಲಿನಲ್ಲಿ ಗೊತ್ತಾದದ್ದು.

ಧನ್ಯವಾದ ಹೇಳಲು ಮೂರು ಸಲ ಬಂದೆ.
ಮೊದಲ ಸಲ ಗಿಣ್ಣು ತುಂಬಿದ ರೊಟ್ಟಿ;
ದೊಡ್ಡ ಅರ್ಧ ಮುರಿದು ನನಗೇ ಕೊಟ್ಟಿರಿ.
ಎರಡನೆಯ ಸಲ ಉಣ್ಣೆಯ ಕಾಲುಚೀಲ;
ಮಾರನೆಯ ದಿನ ಅದು ದಾಳಿಂಬೆ ಸಸಿಯ ಬುಡಕ್ಕೆ ಸುತ್ತಿತ್ತು,
"ಪಾಪ, ಅದಕ್ಕೆ ಚಳಿ."
ಮೂರನೆಯ ಸಲ ಬರಿಗೈ, ಬರೀ ಮಾತು.
ಅಂಗಡಿಯವನು ಚಿಲ್ಲರೆ ಕೊಟ್ಟಾಗ ಹೇಳುವ ಮಾತೇ ಅದು,
ನಾಲಿಗೆಯ ಮೇಲೆ ಸವೆದದ್ದು.
"ಏನು?" ಅಂದಿರಿ, ಕಿವಿಗೆ ಕೈ ಕೊಟ್ಟು.
ಮತ್ತೆ ಹೇಳಿದೆ. "ಏನು?"
ಕೂಗಿದೆ. ಬೀದಿಯ ನಾಯಿ ತಿರುಗಿ ನೋಡಿತು.
"ಹೌದು," ಅಂದಿರಿ, "ಗುರುವಾರ ಮಳೆ ಬರಬಹುದು."

ಇವತ್ತು ತೊಳೆಯುವ ದಿನ.
ಮೊದಲು ದಾರಕ್ಕೆ ಮೇಣದಬತ್ತಿ ಕಟ್ಟಿ ಇಳಿಬಿಟ್ಟಿರಿ:
ದೀಪ ಉಸಿರಾಡಿದರೆ ಮನುಷ್ಯರೂ ಆಡಬಹುದು.
ಉರಿಯಿತು. "ಇಳಿ," ಅಂದಿರಿ,
"ನನ್ನ ಭುಜ ಈ ಬಾಯಿಗೆ ಹಿಡಿಸದೆ ಮೂವತ್ತು ವರ್ಷವಾಯಿತು."
ಆ ಮೂವತ್ತು ವರ್ಷ ಇಳಿಯುತ್ತಿದ್ದವರು ಯಾರೆಂದು
ನೀವು ಹೇಳಲಿಲ್ಲ. ಏಣಿ ಹೇಳಿತು.
ಕಾಲು ಜಾರದಂತೆ ಮೂರನೆಯ ಮೆಟ್ಟಿಲಿಗೆ ಸುತ್ತಿದ
ಝುಝುನಾಳ ತಲೆವಸ್ತ್ರ,
ನೀಲಿ ಚುಕ್ಕಿಗಳು ಅರ್ಧ ಮಾಸಿದ್ದು.

ಒಳಗೆ ತಂಪು.
ಚೆರಿ ತೊಗಟೆಯ ಕುಂಚದಲ್ಲಿ ಉಜ್ಜುತ್ತಾ ಇಳಿದೆ.
ಒಂದೆಡೆ, ಇದನ್ನು ಮಾಡಿದವನ ಹೆಬ್ಬೆರಳ ಗುಳಿ;
ನನ್ನದು ಅದರಲ್ಲಿ ಕೂತಿತು.
ಮೇಲೆ ರೊಟ್ಟಿಯಗಲ ಆಕಾಶ,
ಅಂಚಿನಲ್ಲಿ ನಿಮ್ಮ ಟೊಪ್ಪಿ.

ತುಂಬಿದ ಕೊಡ ತುಳುಕುವುದಿಲ್ಲ, ಸರಿ.
ಖಾಲಿಯದಕ್ಕಾದರೂ ಮಾತು ಬರುತ್ತದಲ್ಲ.
ಯಾರಿಗೂ ಅಲ್ಲವೆಂಬಂತೆ, ಮೆಲ್ಲಗೆ, ಗೋಡೆಗೆ ಹೇಳಿದೆ
ಆ ಸವೆದ ಮಾತನ್ನೇ.
ಗುಡಾಣ ಎತ್ತಿಕೊಂಡಿತು ಅದನ್ನು,
ಹೊಟ್ಟೆಯಲ್ಲಿ ಒಂದು ಸುತ್ತು ತಿರುಗಿಸಿತು,
ನನ್ನದಲ್ಲದ ದನಿಯಲ್ಲಿ, ದಪ್ಪಗೆ,
ಬಾಯಿ ತುಂಬ
ಮೇಲಕ್ಕೆ ಹೇಳಿತು.

ಟೊಪ್ಪಿ ಸರಿಯಿತು.
ಬಹಳ ಹೊತ್ತು ಬರೀ ಆಕಾಶ.
ಆಮೇಲೆ ಹಗ್ಗದ ತುದಿಯಲ್ಲಿ ಬಕೆಟ್ಟು ನೀರು ಇಳಿದು ಬಂತು.

"ತಳ ಇನ್ನೊಂದು ಸಲ ಉಜ್ಜು," ಅಂದಿರಿ,
"ಎಡಗಡೆ.
ಅಲ್ಲಿ ಅವಳು ಯಾವಾಗಲೂ ಬಿಟ್ಟುಬಿಡುತ್ತಿದ್ದಳು."