ಒತ್ತು

ಶೆಫೀಲ್ಡಿನಲ್ಲಿ ಶನಿವಾರ, ಹನ್ನೆರಡೂವರೆಯ ಪಂದ್ಯ.
ನಾನು ಮೈದಾನದಲ್ಲಿಲ್ಲ. ಸ್ಟುಡಿಯೋದಲ್ಲೂ ಇಲ್ಲ.
ಚಾಕು ಕಾರ್ಖಾನೆಯಿದ್ದ ಬೀದಿಯ ಎರಡನೇ ಮಹಡಿ,
ಕಿಟಕಿಯಿಲ್ಲದ ಕೋಣೆ, ಅಂಗೈಯಗಲದ ಟಿವಿ,
ತೊಡೆಯ ಮೇಲೆ ಇಪ್ಪತ್ತೆರಡು ಕೀಗಳ ಯಂತ್ರ.
ಕಾಮೆಂಟರಿಯವರು ಆಡಿದ್ದನ್ನು ಆಡಿದ ಹಾಗೇ
ಕಿವಿ ಕೇಳದವರ ಪರದೆಗೆ ಇಳಿಸುವುದು ನನ್ನ ಕೆಲಸ:
ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ,
ಮಾತಿಗಿಂತ ಮೂರು ಸೆಕೆಂಡು ತಡವಾಗಿ.

ಉಸಿರು ಬಿಡದೆ ಆಡುತ್ತಾರೆ ಅವರು.
ಬಿಡಿ ಬಿಡಿ ಅಕ್ಷರ ಟೈಪು ಮಾಡುತ್ತ ಕೂತರೆ ಕೆಟ್ಟೆ.
ಅದಕ್ಕೇ, ಪದೇ ಪದೇ ಬರುವ ಮಾತಿಗೆಲ್ಲ
ನಾವೇ ಒಂದೊಂದು ಒತ್ತು ಕಟ್ಟಿಕೊಳ್ಳುತ್ತೇವೆ:
ನಾಲ್ಕು ಬೆರಳು ಒಮ್ಮೆಗೇ ಊರಿದರೆ ಇಡೀ ವಾಕ್ಯ.
'ನೇರ ಗೋಲ್‌ಕೀಪರನ ಕೈಗೆ' ಒಂದೊತ್ತು.
'ರೆಫರಿ ಗಡಿಯಾರ ನೋಡುತ್ತಿದ್ದಾರೆ' ಇನ್ನೊಂದು.
ಹತ್ತೊಂಬತ್ತು ವರ್ಷಕ್ಕೆ ಆರು ಸಾವಿರ ಆಗಿತ್ತು.
ಮೊನ್ನೆ ಯಂತ್ರ ಬದಲಿಸುವಾಗ ಅಷ್ಟೂ ಅಚ್ಚು ಹಾಕಿ ಓದಿದೆ.

'ಹುಟ್ಟುಬಲ': ಎಡಗೈಯ ಮೂರು ಬೆರಳು.
'ಕುದುರೆಯಂಥ ಓಟ' ಅದರ ಪಕ್ಕದಲ್ಲೇ.
ಹೆಬ್ಬೆರಳು ಸೇರಿಸಿದರೆ 'ಮೃಗ, ಅಕ್ಷರಶಃ ಮೃಗ'.
'ಆಟವನ್ನು ಓದಬಲ್ಲ': ಬಲಗೈ.
'ಬೆವರು ಸುರಿಸಿ ಕಲಿತದ್ದು': ಬಲಗೈ.
'ಹೊಡೆದದ್ದು ಕಾಲಲ್ಲ, ತಲೆ': ಅದೂ ಬಲಗೈಯೇ.

ಯಾರೂ ಹೇಳಿಕೊಟ್ಟಿದ್ದಲ್ಲ. ಅವರು ಆಡಿದರು, ನಾನು ಕಟ್ಟಿದೆ.
ಆದರೆ ಆ ದಿನ ಗಮನವಿಟ್ಟು ನೋಡಿದೆ:
ಕ್ವಾಬೆನಾ ಒಫೊರಿಯ ಕಾಲಿಗೆ ಚೆಂಡು ಬಂತು,
ಕಾಮೆಂಟರಿಯವ ಇನ್ನೂ ಬಾಯಿ ತೆರೆದಿರಲಿಲ್ಲ,
ನನ್ನ ಎಡಗೈ ಆಗಲೇ ತಯಾರು.
ರಿಡ್‌ಸ್ಡೇಲನಿಗೆ ದಾಟಿತು, ಬಲಗೈ ಎದ್ದಿತು.
ಹೆಸರು ಕಿವಿಗೆ ಬೀಳುವ ಮೊದಲೇ
ಬೆರಳು ಬಣ್ಣ ನೋಡಿ ಆಗಿತ್ತು.
ಹುಟ್ಟುಗುಣ ಸುಟ್ಟರೂ ಹೋಗದಂತೆ.
ಇದು ಹುಟ್ಟಿದ್ದಲ್ಲ, ಸಂಬಳ ತಗೊಂಡು ಕಲಿತದ್ದು.

ಆ ಕಾಗದ ಬಂದದ್ದು ಅದಕ್ಕೂ ಮೊದಲು.
ವಿಳಾಸ: 'ಅಕ್ಷರ ಹಾಕುವವರಿಗೆ'.
ಪಿಟ್ಸ್‌ಮೂರಿನ ಅಜೋವಾ ಒಫೊರಿ,
ಕುಮಾಸಿಯಲ್ಲಿ ಏಳರ ಹರೆಯಕ್ಕೆ ಜ್ವರ ಬಂದು ಕಿವಿ ಹೋದವಳು.

'ಮಗನ ಆಟ ಕಣ್ಣಲ್ಲಿ ನೋಡುತ್ತೇನೆ,
ಜನ ಅಂದದ್ದು ನಿನ್ನ ಅಕ್ಷರದಲ್ಲಿ.
ನಾಲ್ಕು ವರ್ಷದಿಂದ ಅವನು ಓಡಿದ್ದಾನೆ, ಜಿಗಿದಿದ್ದಾನೆ, ನುಗ್ಗಿದ್ದಾನೆ.
ಒಮ್ಮೆಯೂ ಯೋಚಿಸಿಲ್ಲ.
ಹತ್ತು ವರ್ಷದವನಿದ್ದಾಗ ನಮ್ಮ ಊಟದ ಮೇಜಿನ ಮೇಲೆ
ಬಾಟಲಿ ಮುಚ್ಚಳ ಹನ್ನೊಂದು, ಒಣ ಬೀನ್ಸ್ ಕಾಳು ಹನ್ನೊಂದು.
ಇವನಿಲ್ಲಿ ಬಂದರೆ ಅವನೆಲ್ಲಿ ಹೋದಾನು ಅಂತ
ಕಡಲೆಕಾಯಿ ಸಾರು ಆರುವ ತನಕ ಸರಿಸುತ್ತ ಕೂರುತ್ತಿದ್ದ.
ಅವರು ಅದನ್ನು ಹೇಳುವುದಿಲ್ಲವೋ,
ಹೇಳಿದ್ದು ನಿನಗೆ ಕೇಳಿಸುವುದಿಲ್ಲವೋ?'

ಕೇಳಿಸುತ್ತದೆ, ಅಜೋವಾ. ಕಿವಿ ಚುರುಕಾಗಿದೆ, ಅದೇ ಕಷ್ಟ.
(ಉತ್ತರ ಬರೆಯುವ ಹಾಗಿಲ್ಲ ನಾವು. ಅದಕ್ಕೆ ಬೇರೆ ವಿಭಾಗವಿದೆ.)

ಇವತ್ತು ಎಪ್ಪತ್ತೊಂದನೇ ನಿಮಿಷ.
ಒಫೊರಿ ಚೆಂಡಿನ ಮೇಲೆ ಕಾಲಿಟ್ಟು ನಿಂತ.
ತಲೆಯೆತ್ತಿ ನೋಡಿದ. ಕಾದ.
ತಡೆಯುವವನು ತಡೆಯಲಾರದೆ ಎರಡು ಹೆಜ್ಜೆ ಮುಂದೆ ಬಂದ,
ಅವನು ಬಿಟ್ಟ ಜಾಗಕ್ಕೆ ಚೆಂಡು ಹೋಯಿತು,
ರಿಡ್‌ಸ್ಡೇಲ್ ಬರೀ ಮುಟ್ಟಿದ. ಗೋಲು.

ಕಿವಿಯಲ್ಲಿ: ಒಫೊರಿಯ ಹುಟ್ಟುಬಲ ನೋಡಿ!
ರಿಡ್‌ಸ್ಡೇಲನದು ಎಂಥ ಬುದ್ಧಿವಂತ ಓಟ!

ಸೇರಿಸುವ ಹಕ್ಕು ನನಗಿಲ್ಲ.
ಬಿಟ್ಟರೆ ತಪ್ಪು, ಪದಕ್ಕೊಂದು ಅಂಕ ಕಡಿತ.
ಎರಡೂ ಕೈ ಗಾಳಿಯಲ್ಲಿ ನಿಂತವು.
ಐದು ಸೆಕೆಂಡು, ಆರು ಇರಬಹುದು,
ಪಿಟ್ಸ್‌ಮೂರಿನ ಆ ಮನೆಯಲ್ಲಿ
ಪಟ್ಟಿ ಬರೀ ಕಪ್ಪಾಗಿತ್ತು.
ಅವಳು ಏನು ಓದಿಕೊಂಡಳೋ.

'ಏನಾಯಿತು?' ಮೇಲಿನಿಂದ ಗ್ಲೆನಿಸಳ ಸಂದೇಶ.
'ಕೈ ಜಾರಿತು' ಅಂದೆ.

ರಾತ್ರಿ ಎಡಗೈಯ ಆ ಮೂರೂ ಒತ್ತು ಅಳಿಸಿದೆ.
ಅವರು ಅಂದರೆ ಬರೆಯುತ್ತೇನೆ, ಬರೆಯದೆ ಏನು,
ಆದರೆ ಒಂದೊಂದೇ ಅಕ್ಷರ, ಒಂದೊಂದೇ ಬೆರಳು.
ಖಾಲಿಯಾದ ಜಾಗಕ್ಕೆ ಹೊಸದೊಂದು ಕಟ್ಟಿಟ್ಟೆ:
'ಒಫೊರಿ ಯೋಚಿಸುತ್ತಿದ್ದಾನೆ'.

ಮೂರು ಪಂದ್ಯ ಕಳೆಯಿತು.
ಬೆರಳು ಅದರ ಮೇಲೇ ಇದೆ.